ಬೆಂಗಳೂರು ಕ್ಲಬ್

ಬೆಂಗಳೂರು ಕ್ಲಬ್, ಬೆಂಗಳೂರಿನ ರೆಸಿಡೆನ್ಸಿ ರಸ್ತೆಯಲ್ಲಿರುವ ವಸಾಹತು ಕಾಲದ ಸದಸ್ಯರ ಕೂಟ. 1868ರಲ್ಲಿ ‘ಬ್ಯಾಂಗಲೋರ್ ಯುನೈಟೆಡ್ ಸರ್ವಿಸ್ ಕ್ಲಬ್’ ಎಂಬ ಹೆಸರಿನಲ್ಲಿ, ಬ್ರಿಟಿಷ್ ಅಧಿಕಾರಿಗಳಿಗಾಗಿ ಸ್ಥಾಪಿತವಾಯಿತು. 1881ರಲ್ಲಿ ಮೈಸೂರು ಸಂಸ್ಥಾನವು ಒಡೆಯರಿಗೆ ಮರಳಿದರೂ ದಂಡು ಪ್ರದೇಶವು 1947ರವರೆಗೆ ಬ್ರಿಟಿಷರ ಆಡಳಿತದಲ್ಲಿಯೇ ಉಳಿಯಿತು. ಇಂಗ್ಲೆಂಡಿನ ಹಳೆಯ ಪಬ್‌ಗಳು ಹೆಸರೇ ಸೂಚಿಸುವಂತೆ ಸಾರ್ವಜನಿಕರಿಗೆ ತೆರೆದವು. ಈ ಕ್ಲಬ್ಬಿನ ಪಾನಗೃಹವಾದರೋ ಸದಸ್ಯರಿಗೂ ಅವರ ಅತಿಥಿಗಳಿಗೂ ಮೀಸಲು.

ಚರ್ಚಿಲ್ ಅವರ ಬಾಕಿ

ಮುಂದೆ 1940ರಲ್ಲಿ ಬ್ರಿಟನ್ನಿನ ಪ್ರಧಾನಿಯಾದ ವಿನ್‌ಸ್ಟನ್ ಚರ್ಚಿಲ್, 1896ರಲ್ಲಿ ನಾಲ್ಕನೆಯ ಹುಸಾರ್ಸ್ ಅಶ್ವದಳದ ಕಿರಿಯ ಅಧಿಕಾರಿಯಾಗಿ ಬೆಂಗಳೂರಿಗೆ ಬಂದರು. ಪೋಲೋ ಆಟ ಹಾಗೂ ಗುಲಾಬಿ ಕೃಷಿಯ ನಡುವೆ ಗಿಬ್ಬನ್, ಮೆಕಾಲೆ ಅವರ ಇತಿಹಾಸ ಗ್ರಂಥಗಳನ್ನು ಓದಿದರು. ವಿಶ್ವವಿದ್ಯಾಲಯದಲ್ಲಿ ಕಲಿಯದ ಅವರ ನಿಜವಾದ ವ್ಯಾಸಂಗ ಈ ಊರಿನಲ್ಲಿಯೇ ನಡೆಯಿತೆನ್ನಬಹುದು. ಕ್ಲಬ್ಬಿನ 1899ರ ಲೆಕ್ಕದ ಪುಸ್ತಕದಲ್ಲಿ, ವಸೂಲಾಗದ ಬಾಕಿಗಳ ಪಟ್ಟಿಯಲ್ಲಿ, ಅವರ ಹೆಸರಿನ ಮುಂದೆ 13 ರೂಪಾಯಿ ಎಂದು ನಮೂದಾಗಿದೆ. ಅದು ಮದ್ಯದ ಬಾಕಿ ಎಂಬುದು ಜನಜನಿತ. ಆ ಪುಸ್ತಕವನ್ನು ಗಾಜಿನ ಪೆಟ್ಟಿಗೆಯಲ್ಲಿ ಇರಿಸಲಾಗಿದೆ. ಬಾಕಿಯನ್ನು ತಾವು ತೀರಿಸುವುದಾಗಿ ಕೆಲವು ಸಂದರ್ಶಕರು ಮುಂದೆ ಬಂದುದುಂಟು, ಕ್ಲಬ್ಬು ಒಪ್ಪಿಲ್ಲ. ಇದನ್ನು ಕಾಣಬಯಸುವ ಪ್ರವಾಸಿಗರು ಸದಸ್ಯರೊಬ್ಬರ ಅತಿಥಿಗಳಾಗಿಯೇ ಒಳಹೋಗಬೇಕು.