ಟಿಬೆಟನ್ ಫುಟ್‌ಬಾಲ್ ರಾಜತಾಂತ್ರಿಕತೆ

ಭಾರತದಲ್ಲಿ ನೆಲೆಸಿದ ಟಿಬೆಟನ್ ನಿರಾಶ್ರಿತರು ಅಹಿಂಸೆ, ಸೌಹಾರ್ದಗಳನ್ನು ಮುಂದಿಟ್ಟುಕೊಂಡು ಫುಟ್‌ಬಾಲ್ ಮೂಲಕ ಹೊರಜಗತ್ತಿನೊಡನೆ ಬೆಳೆಸಿದ ನಂಟು. ಭಾರತ ಮತ್ತು ನೇಪಾಳದ ವಸತಿಗಳೇ ಟಿಬೆಟ್ ತಂಡದ ಮೂಲ. ಕರ್ನಾಟಕದಲ್ಲಿ ಬೈಲಕುಪ್ಪೆ, ಮುಂಡಗೋಡು, ಹುಣಸೂರುಗಳ ಬಳಿಕ 1974ರಲ್ಲಿ ಒಡೆಯರಪಾಳ್ಯದಲ್ಲಿ ಧೋಂಡೆನ್‌ಲಿಂಗ್ ವಸತಿ ಹುಟ್ಟಿತು. ಟಿಬೆಟನ್ ದಾಖಲೆಗಳು ಇದನ್ನು ‘ಕೊಳ್ಳೇಗಾಲ ವಸತಿ’ ಎನ್ನುತ್ತವೆ. ಊರು ಈಗ ಹನೂರು ತಾಲ್ಲೂಕಿಗೆ ಸೇರಿದೆ. ಎರಡು ಬೇರೆ ವಸತಿಗಳೆಂದು ಎಣಿಸುವುದು ತಪ್ಪು.

ದಲೈ ಲಾಮಾ ಅವರ ತಾಯಿ 1981ರಲ್ಲಿ ತೀರಿಕೊಂಡರು. ಅವರ ನೆನಪಿನಲ್ಲಿ ಅದೇ ವರ್ಷ ಶುರುವಾದ ಚಿನ್ನದ ಕಪ್ ಪಂದ್ಯಾವಳಿ ದೂರದೂರದ ವಸತಿಗಳನ್ನು ಒಂದೇ ಮೈದಾನಕ್ಕೆ ತಂದಿತು.

2001ರ ಜೂನ್ 30ರಂದು ಕೋಪನ್‌ಹೇಗನ್‌ನಲ್ಲಿ ಗ್ರೀನ್‌ಲ್ಯಾಂಡ್ ವಿರುದ್ಧ ನಡೆದ ಪಂದ್ಯವೇ ಈ ಚರಿತ್ರೆಯ ತಿರುವು. ಇದನ್ನು ಟಿಬೆಟ್‌ನ ‘ಮೊದಲ ಅಧಿಕೃತ ಅಂತರರಾಷ್ಟ್ರೀಯ ಪಂದ್ಯ’ ಎಂದು ಬರೆಯುವುದುಂಟು. ಎರಡೂ ತಂಡಗಳು ಫಿಫಾದ ಹೊರಗಿದ್ದುದರಿಂದ ‘ಅಧಿಕೃತ’ ಎಂಬ ಮಾತು ನಿಲ್ಲದು. ಪಂದ್ಯದ ತೂಕ ಇರುವುದೂ ಅಲ್ಲೇ: ಮಾನ್ಯತೆಯಿಲ್ಲದ ಇಬ್ಬರು ಪರಸ್ಪರ ಮಾನ್ಯ ಮಾಡಿದರು. ಡೆನ್ಮಾರ್ಕ್‌ನ ಮೈಕಲ್ ನೈಬ್ರಾಂಟ್ ಸಂಘಟಿಸಿದ ಈ ಪಂದ್ಯವನ್ನು ಚೀನಾ ವಿರೋಧಿಸಿತು. ಗ್ರೀನ್‌ಲ್ಯಾಂಡ್‌ನ ಸಿಗಡಿ ರಫ್ತಿಗೆ ಪೆಟ್ಟು ಬೀಳಬಹುದೆಂಬ ಬೆದರಿಕೆಯೂ ಬಂತು. ಟಿಬೆಟ್ ಆಟಗಾರರಿಗಾದರೋ ಪಾಸ್‌ಪೋರ್ಟೇ ಇರಲಿಲ್ಲ. ನಿರಾಶ್ರಿತರಿಗೆ ಭಾರತ ಸರ್ಕಾರ ಕೊಡುವ ಗುರುತಿನ ಪತ್ರವೇ ಪ್ರಯಾಣದ ದಾಖಲೆಯಾಗಿತ್ತು. ಆದರೂ ಪಂದ್ಯ ನಡೆಯಿತು, ಟಿಬೆಟ್ ಧ್ವಜ ಹಾರಿತು. ಮೊದಲ ಗೋಲು ಹೊಡೆದದ್ದು ಟಿಬೆಟ್. ಗೆದ್ದದ್ದು 4–1ರಿಂದ ಗ್ರೀನ್‌ಲ್ಯಾಂಡ್. ‘ದಿ ಫರ್ಬಿಡನ್ ಟೀಮ್’ ಸಾಕ್ಷ್ಯಚಿತ್ರ ಈ ಕಥೆಯನ್ನು ದಾಖಲಿಸಿದೆ. ಟಿಬೆಟ್ ತಂಡದ ಚರಿತ್ರೆಯನ್ನು ಸೋಲುಗಳ ಪಟ್ಟಿಯಾಗಿ ಓದುವವರಿಗೆ ಇದರ ಅರ್ಥ ಕೈತಪ್ಪುತ್ತದೆ.

2006ರಲ್ಲಿ ತಂಡ ಹ್ಯಾಂಬರ್ಗ್‌ನಲ್ಲಿ ಆಡಿತು. ಮಹಿಳಾ ತಂಡದ ಹಾದಿ ಇನ್ನೂ ಕಠಿಣ: 2017ರಲ್ಲಿ ಟೆಕ್ಸಾಸ್‌ನ ಪಂದ್ಯಾವಳಿಗೆ ಹೊರಟ ಆಟಗಾರ್ತಿಯರಿಗೆ ಅಮೆರಿಕ ವೀಸಾ ನಿರಾಕರಿಸಿತು. ಮರುವರ್ಷ ಫಿಫಾ ಹೊರಗಿನ ತಂಡಗಳ ಒಕ್ಕೂಟವಾದ ಕೊನಿಫಾ ಲಂಡನ್ನಿನಲ್ಲಿ ನಡೆಸಿದ ವಿಶ್ವಕಪ್‌ಗೆ ಪುರುಷರ ತಂಡ ಹೋಯಿತು. ಟಿಬೆಟ್ ಇದೆಯೆಂಬ ಕಾರಣಕ್ಕೆ ಕೆಲವು ಪ್ರಾಯೋಜಕರು ಹಿಂದೆ ಸರಿದರೆಂದು ಒಕ್ಕೂಟ ಹೇಳಿತು. ಆದರೂ ಟಿಬೆಟನ್ನು ಕೈಬಿಡಲಿಲ್ಲ.

ಗ್ರೀನ್‌ಲ್ಯಾಂಡ್‌ನ ಸದಸ್ಯತ್ವದ ಅರ್ಜಿಯನ್ನು ಉತ್ತರ ಅಮೆರಿಕದ ಒಕ್ಕೂಟ ಕಾನ್ಕಾಕಾಫ್ 2025ರ ಜೂನ್‌ನಲ್ಲಿ ತಿರಸ್ಕರಿಸಿತು. ಕೋಪನ್‌ಹೇಗನ್‌ನಲ್ಲಿ ಆಡಿದ ಎರಡೂ ತಂಡಗಳು ಇನ್ನೂ ಫಿಫಾದ ಹೊರಗೇ ಇವೆ.