ಚಹಾದಂಗಡಿಯವರು ಕಟ್ಟಿದ ಗಣಕಯಂತ್ರ

ಬ್ರಿಟನ್ನಿನಲ್ಲಿ ನೆಲೆಸಿರುವ ನಮ್ಮ ಸದಸ್ಯ ಕುಟುಂಬಗಳಲ್ಲಿ ಗಣಕಯಂತ್ರದ ಕೆಲಸದಿಂದಲೇ ಜೀವನ ಸಾಗಿಸುವವರು ಹಲವರಿದ್ದಾರೆ. ಈ ಯಂತ್ರವನ್ನು ಮೊಟ್ಟಮೊದಲು ಆಫೀಸಿನ ಲೆಕ್ಕಪತ್ರಕ್ಕೆ ಹಚ್ಚಿದವರು ಯಾರು ಎಂದು ಮಕ್ಕಳು ಕೇಳಿದರೆ ಉತ್ತರ ಸಾಮಾನ್ಯವಾಗಿ ಅಮೆರಿಕದ ಕಡೆಗೆ ಹೋಗುತ್ತದೆ. ಆದರೆ ಆ ಕೆಲಸ ನಡೆದದ್ದು ಇಲ್ಲಿಯೇ, ಲಂಡನ್ನಿನ ಹ್ಯಾಮರ್‌ಸ್ಮಿತ್‌ನಲ್ಲಿ. ನಡೆಸಿದವರು ಚಹಾ, ಬ್ರೆಡ್ಡು, ಕೇಕು ಮಾರುತ್ತಿದ್ದ ಜೆ. ಲಯನ್ಸ್ ಎಂಬ ಕಂಪನಿಯವರು. ಇದನ್ನು ನಮ್ಮ ಮಕ್ಕಳೂ ತಿಳಿದಿರಬೇಕೆಂಬ ಆಸೆಯಿಂದ ಈ ಲೇಖನವನ್ನು ಓದುಗರ ಮುಂದಿಡುತ್ತಿದ್ದೇವೆ.

ಲಯನ್ಸ್‌ನವರ ಮೊದಲ ಚಹಾದಂಗಡಿ 1894ರಲ್ಲಿ ಪಿಕಾಡಿಲಿಯಲ್ಲಿ ತೆರೆಯಿತು. ಮುಂದೆ ಊರೂರಲ್ಲಿ ಅಂಗಡಿಗಳಾದವು. ಕಪ್ಪು ಉಡುಪು, ಬಿಳಿ ಏಪ್ರನ್ ತೊಟ್ಟು ಚುರುಕಾಗಿ ಓಡಾಡುತ್ತಿದ್ದ ಅಲ್ಲಿನ ಪರಿಚಾರಿಕೆಯರಿಗೆ "ನಿಪ್ಪಿ" ಎಂಬ ಹೆಸರೇ ಬಿತ್ತು. ವ್ಯಾಪಾರವೇನೋ ದೊಡ್ಡದು, ಆದರೆ ಒಂದೊಂದು ಬಿಲ್ಲೂ ಬಹಳ ಚಿಕ್ಕದು. ಒಂದು ಕಪ್ ಚಹಾ, ಒಂದು ಬನ್ನು. ಅದರಲ್ಲಿ ಸಿಗುವ ಲಾಭ ಬಿಡಿಗಾಸು. ಆ ಬಿಡಿಗಾಸಿನ ಲೆಕ್ಕವಿಡಲು ಗುಮಾಸ್ತರ ದಂಡೇ ಬೇಕು. ಲೆಕ್ಕದ ಖರ್ಚು ಲಾಭವನ್ನೇ ನುಂಗಿದರೆ ಅಂಗಡಿ ನಡೆಯುವುದು ಹೇಗೆ?

ಈ ಪ್ರಶ್ನೆಯನ್ನು ಹಿಡಿದು ಕುಳಿತವರು ಜಾನ್ ಸಿಮನ್ಸ್. ಕೇಂಬ್ರಿಜ್‌ನಲ್ಲಿ ಗಣಿತ ಓದಿ 1923ರಲ್ಲಿ ಕಂಪನಿ ಸೇರಿದ ಇವರು, ಆಫೀಸಿನ ಕೆಲಸದ ಕ್ರಮವನ್ನೇ ಅಭ್ಯಾಸ ಮಾಡುವ ಒಂದು ವಿಭಾಗವನ್ನು ಬೆಳೆಸಿದರು. ಯಾವ ಚೀಟಿ ಎಲ್ಲಿಂದ ಬರುತ್ತದೆ, ಯಾರ ಕೈಗೆ ಹೋಗುತ್ತದೆ, ಅದು ನಿಜವಾಗಿ ಬೇಕೇ ಎಂದು ಅಲ್ಲಿ ಪರೀಕ್ಷಿಸುತ್ತಿದ್ದರು. ಗಣಕಯಂತ್ರ ಬರುವುದಕ್ಕೆ ಮೊದಲೇ ಗಣಕಯಂತ್ರಕ್ಕೆ ಬೇಕಾದ ಮನಸ್ಸು ಅಲ್ಲಿ ಸಿದ್ಧವಾಗಿತ್ತು ಎನ್ನಬಹುದು.

1947ರಲ್ಲಿ ಈ ಕಂಪನಿಯ ಥಾಂಪ್ಸನ್ ಮತ್ತು ಸ್ಟ್ಯಾಂಡಿಂಗ್‌ಫರ್ಡ್ ಎಂಬ ಇಬ್ಬರು ಅಧಿಕಾರಿಗಳು ಆಫೀಸಿನ ಹೊಸ ವಿಧಾನಗಳನ್ನು ನೋಡಿ ಬರಲು ಅಮೆರಿಕಕ್ಕೆ ಹೋದರು. ಪ್ರಿನ್ಸ್‌ಟನ್‌ನಲ್ಲಿ ಹರ್ಮನ್ ಗೋಲ್ಡ್‌ಸ್ಟೈನ್ ಅವರನ್ನು ಕಂಡಾಗ, ನಿಮ್ಮ ಕೇಂಬ್ರಿಜ್‌ನಲ್ಲೇ ಇಂಥ ಯಂತ್ರ ಸಿದ್ಧವಾಗುತ್ತಿದೆಯಲ್ಲ ಎಂಬ ಸುದ್ದಿ ಅವರಿಗೆ ಸಿಕ್ಕಿತು! ಕೇಂಬ್ರಿಜ್‌ನಲ್ಲಿ ಮಾರಿಸ್ ವಿಲ್ಕ್ಸ್ ಅವರು "ಎಡ್ಸಾಕ್" ಎಂಬ ಯಂತ್ರ ಕಟ್ಟುತ್ತಿದ್ದರು. ಲಯನ್ಸ್‌ನವರು 3,000 ಪೌಂಡ್ ಹಣವನ್ನೂ ತಮ್ಮಲ್ಲಿದ್ದ ಲೆನಾರ್ಟ್ಸ್ ಎಂಬ ತಂತ್ರಜ್ಞರನ್ನೂ ಕೊಟ್ಟು ಆ ಕೆಲಸಕ್ಕೆ ನೆರವಾದರು, ಪ್ರತಿಯಾಗಿ ವಿದ್ಯೆಯನ್ನು ಕಲಿತುಕೊಂಡರು. 1949ರ ಮೇ 6ರಂದು ಎಡ್ಸಾಕ್ ಸಂಖ್ಯೆಗಳ ವರ್ಗಗಳನ್ನು ಅಚ್ಚು ಹಾಕಿ ತೋರಿಸಿತು. ಅದಾದ ಮೇಲೆ ಲಯನ್ಸ್‌ನವರು ತಮ್ಮದೇ ಯಂತ್ರ ಕಟ್ಟಲು ಕೈಹಾಕಿದರು.

ಯುದ್ಧಕಾಲದಲ್ಲಿ ರಡಾರ್ ಕೆಲಸ ಮಾಡಿದ್ದ ಜಾನ್ ಪಿಂಕರ್ಟನ್ ಇದರ ಎಂಜಿನಿಯರ್. ಹೆಸರು "ಲಯನ್ಸ್ ಎಲೆಕ್ಟ್ರಾನಿಕ್ ಆಫೀಸ್", ಚಿಕ್ಕದಾಗಿ "ಲಿಯೋ". ಕ್ಯಾಡ್ಬಿ ಹಾಲ್ ಎಂಬ ಅವರ ಕೇಂದ್ರ ಕಚೇರಿಯಲ್ಲಿ ಒಂದು ದೊಡ್ಡ ಕೋಣೆಯನ್ನೇ ಅದು ತುಂಬಿಕೊಂಡಿತ್ತು. ಸಾವಿರಾರು ರೇಡಿಯೋ ವಾಲ್ವ್‌ಗಳು. ಜ್ಞಾಪಕಕ್ಕಾಗಿ ಪಾದರಸ ತುಂಬಿದ ಕೊಳವೆಗಳು. ಶಬ್ದದ ತರಂಗಗಳಾಗಿ ಸಂಖ್ಯೆಗಳು ಆ ಪಾದರಸದಲ್ಲಿ ಸುತ್ತುತ್ತಲೇ ಇರುತ್ತಿದ್ದವು. ಎಡ್ಸಾಕ್‌ನ ನಾಲ್ಕರಷ್ಟು ಜ್ಞಾಪಕಶಕ್ತಿ ಇದಕ್ಕಿದ್ದರೂ ಒಟ್ಟು ಒಂಬತ್ತು ಕಿಲೋಬೈಟಿಗೂ ಕಡಿಮೆ. ಇಂದು ಕಿಸೆಯಲ್ಲಿ ಫೋನಿಟ್ಟುಕೊಂಡು ತಿರುಗುವ ಮಕ್ಕಳು ನಂಬಲಾರರು!

ಆದರೆ ಯಂತ್ರ ಕಟ್ಟಿದ್ದು ಅರ್ಧ ಕೆಲಸ. ವಿಶ್ವವಿದ್ಯಾಲಯದ ಲೆಕ್ಕದಲ್ಲಿ ಒಳಗೆ ಹೋಗುವ ಅಂಕಿಗಳು ಕೆಲವೇ, ಲೆಕ್ಕ ಮಾತ್ರ ಉದ್ದ. ಆಫೀಸಿನದು ತದ್ವಿರುದ್ಧ: ಲೆಕ್ಕ ಸುಲಭ, ಒಳಗೆ ಹೋಗುವ ಚೀಟಿಗಳು ಸಾವಿರಾರು. ಆದ್ದರಿಂದ ಕಾರ್ಡುಗಳನ್ನು ಓದುವ, ಲೆಕ್ಕ ಹಾಕುವ, ಅಚ್ಚು ಹಾಕುವ ಕೆಲಸಗಳು ಒಂದಕ್ಕೊಂದು ಕಾಯದೆ ಸಾಗುವ ಏರ್ಪಾಡು ಮಾಡಿದರು. ಜೊತೆಗೆ ಪೌಂಡ್, ಷಿಲಿಂಗ್, ಪೆನ್ಸ್‌ಗಳ ಕಾಟ. ಹನ್ನೆರಡು ಪೆನ್ಸಿಗೆ ಒಂದು ಷಿಲಿಂಗ್, ಇಪ್ಪತ್ತು ಷಿಲಿಂಗಿಗೆ ಒಂದು ಪೌಂಡ್. ರೂಪಾಯಿ, ಆಣೆ, ಪೈ ಲೆಕ್ಕ ಮಾಡಿ ಬೆಳೆದ ನಮ್ಮ ಹಿರಿಯರಿಗೆ ಈ ಕಷ್ಟವನ್ನು ವಿವರಿಸಬೇಕಾಗಿಲ್ಲ.

1951ರ ನವೆಂಬರಿನಲ್ಲಿ ಲಿಯೋ ವಾರವಾರದ ಕೆಲಸವೊಂದನ್ನು ವಹಿಸಿಕೊಂಡಿತು. ಬೇಕರಿಯಲ್ಲಿ ತಯಾರಾದ ಬ್ರೆಡ್ಡು, ಕೇಕು, ಪೈಗಳ ಬೆಲೆ ಕಟ್ಟುವ ಲೆಕ್ಕ ಅದು. ವ್ಯಾಪಾರಸಂಸ್ಥೆಯೊಂದರ ನಿತ್ಯದ ಕೆಲಸವನ್ನು ಗಣಕಯಂತ್ರ ಮಾಡಿದ್ದು ಜಗತ್ತಿನಲ್ಲಿ ಇದೇ ಮೊದಲು.

ಮುಂದಿನದು ಸಂಬಳದ ಲೆಕ್ಕ. ನುರಿತ ಗುಮಾಸ್ತರಿಗೆ ಒಬ್ಬ ಕೆಲಸಗಾರನ ಸಂಬಳ ಕಟ್ಟಲು ಸುಮಾರು ಎಂಟು ನಿಮಿಷ ಬೇಕಿತ್ತು. ಲಿಯೋಗೆ ಒಂದೂವರೆ ಸೆಕೆಂಡು ಸಾಕು. ಆದರೂ ಅವರು ಅವಸರ ಮಾಡಲಿಲ್ಲ. ವಾಲ್ವ್ ಕೆಟ್ಟು ಬೇಕರಿಯ ಲೆಕ್ಕ ಒಂದು ದಿನ ತಡವಾದರೆ ನಡೆಯುತ್ತದೆ, ಶುಕ್ರವಾರದ ಬಟವಾಡೆ ತಪ್ಪಿದರೆ ಎಷ್ಟೋ ಮನೆಗಳ ಒಲೆಗೆ ತೊಂದರೆ. ಆದ್ದರಿಂದ ತಿಂಗಳುಗಟ್ಟಲೆ ಕೈಲೆಕ್ಕವನ್ನೂ ಯಂತ್ರದ ಲೆಕ್ಕವನ್ನೂ ಜೊತೆಜೊತೆಗೆ ನಡೆಸಿ, ತಾಳೆ ನೋಡಿ, 1954ರ ಫೆಬ್ರವರಿಯಲ್ಲಷ್ಟೇ ಸಂಬಳವನ್ನು ಲಿಯೋಗೆ ಒಪ್ಪಿಸಿದರು. ಯಂತ್ರದ ಮೇಲೆ ಯಾರದೋ ಅನ್ನ ನಿಂತಿದೆ ಎಂಬ ಈ ಎಚ್ಚರವೇ ಲಿಯೋ ತಂಡದ ದೊಡ್ಡತನ ಎಂದು ನಮಗೆ ತೋರುತ್ತದೆ.

ಆ ಎಚ್ಚರವನ್ನು ಕಲಿಸಿದವರು ಡೇವಿಡ್ ಕ್ಯಾಮಿನರ್. ಯುದ್ಧದಲ್ಲಿ ಒಂದು ಕಾಲು ಕಳೆದುಕೊಂಡು ಮರಳಿದ್ದ ಇವರು, ಒಬ್ಬರು ಬರೆದ ಪ್ರೋಗ್ರಾಮನ್ನು ಇನ್ನೊಬ್ಬರು ಪರೀಕ್ಷಿಸಲೇಬೇಕೆಂಬ ಕಟ್ಟುನಿಟ್ಟು ಇಟ್ಟಿದ್ದರು. ಫ್ರೆಂಚ್ ಓದಿ ಲಯನ್ಸ್‌ನಲ್ಲಿ ಗುಮಾಸ್ತೆಯಾಗಿ ಸೇರಿದ್ದ ಮೇರಿ ಕೂಂಬ್ಸ್ ಪರೀಕ್ಷೆಯಲ್ಲಿ ಗೆದ್ದು 1952ರಲ್ಲಿ ಈ ತಂಡಕ್ಕೆ ಬಂದರು. ವ್ಯಾಪಾರದ ಗಣಕಯಂತ್ರಕ್ಕೆ ಪ್ರೋಗ್ರಾಂ ಬರೆದ ಮೊದಲ ಮಹಿಳೆ ಎಂಬ ಗೌರವ ಅವರದು. 2022ರಲ್ಲಿ ಅವರು ತೀರಿಕೊಂಡರು.

ಎಲ್ಲಕ್ಕಿಂತ ಸೊಗಸಾದದ್ದು 1954ರ ಕೊನೆಗೆ ಶುರುವಾದ ಅಂಗಡಿಗಳ ಬೇಡಿಕೆಯ ಕೆಲಸ. ಪ್ರತಿ ಅಂಗಡಿಗೂ ವಾರದ ದಿನಕ್ಕೆ ತಕ್ಕಂತೆ ಒಂದು ಖಾಯಂ ಪಟ್ಟಿ. ಅದರಲ್ಲಿ ಬದಲಾವಣೆ ಇದ್ದರೆ ಮಾತ್ರ ಅಂಗಡಿಯಾಕೆ ಗೊತ್ತಾದ ಹೊತ್ತಿಗೆ ದೂರವಾಣಿಯಲ್ಲಿ ಹೇಳಬೇಕು. ಕ್ಯಾಡ್ಬಿ ಹಾಲ್‌ನಲ್ಲಿ ಕೇಳಿಸಿಕೊಂಡ ಹುಡುಗಿ ಕೂಡಲೇ ಅದನ್ನು ಕಾರ್ಡಿನಲ್ಲಿ ರಂಧ್ರಗಳಾಗಿ ಕೊರೆಯುತ್ತಾಳೆ. ಲಿಯೋ ಎಲ್ಲವನ್ನೂ ಕೂಡಿಸಿ ಯಾವ ಅಂಗಡಿಗೆ ಏನೇನು ಕಳಿಸಬೇಕೆಂದು ಅಚ್ಚು ಹಾಕುತ್ತದೆ. ಮರುದಿನ ಸರಕು ಅಂಗಡಿಯಲ್ಲಿ!

1954ರಲ್ಲಿ ಲಿಯೋ ಯಂತ್ರಗಳನ್ನು ಮಾರಲು ಬೇರೆಯೇ ಕಂಪನಿ ಹುಟ್ಟಿತು. ಫೋರ್ಡ್ ಕಾರ್ಖಾನೆಯ ಸಂಬಳವೂ ಲಿಯೋದಲ್ಲಿ ತಯಾರಾಯಿತು. ಆದರೆ ಹೊಸ ಹೊಸ ಯಂತ್ರಗಳನ್ನು ಕಟ್ಟಲು ಬೇಕಾದಷ್ಟು ಬಂಡವಾಳ ಚಹಾ ಮಾರುವವರಲ್ಲಿ ಇರಲಿಲ್ಲ. 1963ರಲ್ಲಿ ಇಂಗ್ಲಿಷ್ ಎಲೆಕ್ಟ್ರಿಕ್ ಕಂಪನಿಯೊಡನೆ ಸೇರಿದ ಲಿಯೋ, 1968ರಲ್ಲಿ ಐ.ಸಿ.ಎಲ್. ಎಂಬ ದೊಡ್ಡ ಸಂಸ್ಥೆಯೊಳಗೆ ಕರಗಿತು. ಅಂಚೆ ಇಲಾಖೆಯಲ್ಲಿ ಟೆಲಿಫೋನ್ ಬಿಲ್ಲು ಬರೆಯುತ್ತಿದ್ದ ಕೊನೆಯ ಲಿಯೋ ಯಂತ್ರಗಳು 1981ರಲ್ಲಿ ನಿಂತವು. ಲಯನ್ಸ್ ಚಹಾದಂಗಡಿಗಳ ಬಾಗಿಲೂ ಅದೇ ವರ್ಷ ಪೂರ್ತಿ ಮುಚ್ಚಿತು.

ಕ್ಯಾಡ್ಬಿ ಹಾಲ್ ಕಟ್ಟಡ ಈಗ ಉಳಿದಿಲ್ಲ. ಆದರೆ ತಿಂಗಳ ಕೊನೆಗೆ ನಮ್ಮ ಸಂಬಳ ಸರಿಯಾಗಿ ಬ್ಯಾಂಕಿಗೆ ಬಂದು ಸೇರುವ ವ್ಯವಸ್ಥೆಯ ಮೊದಲ ಹೆಜ್ಜೆ ಅಲ್ಲಿ ಬಿದ್ದಿತು. ಅಂಗಡಿಯ ಕಷ್ಟ ಬಲ್ಲ ಗುಮಾಸ್ತರೂ ಗಣಿತ ಬಲ್ಲ ವಿದ್ವಾಂಸರೂ ಒಂದೇ ಮೇಜಿನ ಸುತ್ತ ಕುಳಿತದ್ದರಿಂದ ಅದು ಸಾಧ್ಯವಾಯಿತು. ಗಣಕಯಂತ್ರದ ವಿದ್ಯೆ ಕಲಿಯುತ್ತಿರುವ ನಮ್ಮ ಮಕ್ಕಳಿಗೆ ಸದಸ್ಯರು ಈ ಕಥೆಯನ್ನು ಮನೆಯಲ್ಲಿ ಓದಿ ಹೇಳಬೇಕೆಂದು ನಮ್ಮ ಕೋರಿಕೆ.