ಹಾಸಿಗೆ ಹಿಡಿದವರ ಹೊಣೆ ಯಾರದು? ವಿಮೆಯ ಚರಿತ್ರೆಯಲ್ಲಿ ರಾಜಾಜಿನಗರ

ಬೆಂಗಳೂರಿನ ರಾಜಾಜಿನಗರದಲ್ಲಿ 'ಇ.ಎಸ್.ಐ. ಆಸ್ಪತ್ರೆ' ಎಂದರೆ ದಾರಿ ತೋರದವರಿಲ್ಲ. ಆ ಮೂರು ಅಕ್ಷರಗಳ ಹಿಂದೆ ಒಂದು ದೊಡ್ಡ ಪ್ರಶ್ನೆಯ ಚರಿತ್ರೆಯಿದೆ: ಮನೆಯಲ್ಲಿ ದುಡಿಯುವವರು ಹಾಸಿಗೆ ಹಿಡಿದರೆ ಆ ಹೊರೆಯನ್ನು ಹೊರುವವರು ಯಾರು?

ಬಹುಕಾಲ ಇದಕ್ಕಿದ್ದ ಉತ್ತರ ಒಂದೇ: ಮನೆಯವರು. ಮೊದಲು ಒಡವೆ ಗಿರವಿ ಅಂಗಡಿ ಸೇರುತ್ತಿತ್ತು. ಆಮೇಲೆ ಹೊಲ, ಕಡೆಗೆ ಮನೆ. ಒಬ್ಬರ ಮೇಲೆ ಬೀಳುವ ಇಂಥ ಹೊರೆಯನ್ನು ಹಲವರು ಹಂಚಿಕೊಳ್ಳುವ ಉಪಾಯವೇ ವಿಮೆ. ಮೈಸೂರು ಸಂಸ್ಥಾನವು 1891ರಲ್ಲೇ ತನ್ನ ನೌಕರರಿಗಾಗಿ ಜೀವವಿಮೆಯನ್ನು ಆರಂಭಿಸಿತು. ಇಂದಿನ ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯ ಮೂಲ ಅದೇ. ಆದರೆ ಜೀವವಿಮೆ ಮುಖ್ಯವಾಗಿ ದುಡಿಯುವವರು ತೀರಿಕೊಂಡ ಮೇಲೆ ಕುಟುಂಬದ ಕೈಹಿಡಿಯುತ್ತದೆ. ಬದುಕಿದ್ದೂ ದುಡಿಯಲಾರದವರ ಗತಿಯೇನು?

ಜರ್ಮನಿಯಲ್ಲಿ ಬಿಸ್ಮಾರ್ಕ್ 1883ರಲ್ಲಿ ಕಾರ್ಮಿಕರಿಗೆ ಕಾಯಿಲೆಯ ವಿಮೆ ತಂದನು. ನಮ್ಮ ದೇಶದಲ್ಲಿ ಪ್ರೊ. ಬಿ.ಪಿ. ಅದಾರ್ಕರ್ ಅವರು 1944ರಲ್ಲಿ ವರದಿ ಸಲ್ಲಿಸಿದರು. ಅದರ ತಳಹದಿಯ ಮೇಲೆ 1948ರಲ್ಲಿ ಕಾಯಿದೆಯಾಯಿತು. 1952ರ ಫೆಬ್ರವರಿ 24ರಂದು ಕಾನ್ಪುರ ಮತ್ತು ದೆಹಲಿಯಲ್ಲಿ ಯೋಜನೆ ಆರಂಭವಾಗಿ, 1958ರಲ್ಲಿ ಬೆಂಗಳೂರಿಗೂ ಬಂದಿತು. ಕೈಗಾರಿಕಾ ಉಪನಗರವಾಗಿ ಬೆಳೆದ ರಾಜಾಜಿನಗರದಲ್ಲಿ ಅದರ ಆಸ್ಪತ್ರೆ ನೆಲೆಗೊಂಡದ್ದು ಸಹಜವೇ.

ಇದರ ವಿಶೇಷವೆಂದರೆ ಹೊಣೆ ಒಬ್ಬರದೇ ಅಲ್ಲ. ಕಾರ್ಖಾನೆಯ ಮಾಲೀಕರು, ಕಾರ್ಮಿಕರು ಇಬ್ಬರೂ ವಂತಿಗೆ ಕೊಡುತ್ತಾರೆ. ವೈದ್ಯಕೀಯ ವೆಚ್ಚದಲ್ಲಿ ರಾಜ್ಯ ಸರ್ಕಾರಕ್ಕೂ ಪಾಲುಂಟು. 2019ರ ಜುಲೈನಿಂದ ಮಾಲೀಕರ ವಂತಿಗೆ ಸಂಬಳದ ಶೇ. 3.25, ಕಾರ್ಮಿಕರದು ಶೇ. 0.75 ಎಂದು ನಿಗದಿಯಾಯಿತು. ಕಾಯಿಲೆ ಬಿದ್ದವರಿಗೆ ವರ್ಷದಲ್ಲಿ 91 ದಿನಗಳವರೆಗೆ ಸಂಬಳದ ಶೇ. 70 ಸಿಗುತ್ತದೆ. ಕ್ಷಯ, ಪಾರ್ಶ್ವವಾಯುವಿನಂಥ ದೀರ್ಘ ಕಾಯಿಲೆಗಳಾದರೆ, ನಿಗದಿತ ಸೇವೆ ಸಲ್ಲಿಸಿದವರಿಗೆ ಎರಡು ವರ್ಷಗಳವರೆಗೆ ಶೇ. 80 ಸಿಗುತ್ತದೆ. ಮನೆ ಮಾರದೆ ಉಳಿಯಲು ಈ ಹಣ ಎಷ್ಟೋ ಕುಟುಂಬಗಳಿಗೆ ಆಸರೆ.

ಆದರೆ ಈ ಆಸರೆಗೂ ಎಲ್ಲೆಯಿದೆ. 2017ರಿಂದ ಸಂಬಳದ ಮಿತಿ ತಿಂಗಳಿಗೆ 21,000 ರೂಪಾಯಿ. ಸ್ವಂತವಾಗಿ ದುಡಿಯುವ ತಳ್ಳುಗಾಡಿಯವರು, ಮನೆಗೆಲಸದವರು ಇದರ ಆಚೆಗೇ ಉಳಿದರು. ಎರಡು ವರ್ಷ ಮುಗಿದ ಮೇಲೂ ಕಾಯಿಲೆ ಮುಗಿಯದಿದ್ದರೆ? ವಿಮೆ ಔಷಧಿಗೆ ನೆರವಾದೀತು. ರೋಗಿಯನ್ನು ಎತ್ತಿ ಕೂರಿಸುವ, ಸ್ನಾನ ಮಾಡಿಸುವ, ತುತ್ತು ತಿನ್ನಿಸುವ ಕೈಗಳು ಮನೆಯವೇ. ಹೆಚ್ಚಾಗಿ ಅವು ಹೆಂಗಸರ ಕೈಗಳು. ಅದಕ್ಕಾಗಿ ಸೊಸೆ ಕೆಲಸ ಬಿಡುತ್ತಾಳೆ, ಮಗಳು ಓದು ನಿಲ್ಲಿಸುತ್ತಾಳೆ. ಈ ನಷ್ಟ ಯಾವ ಲೆಕ್ಕದ ಪುಸ್ತಕಕ್ಕೂ ಸೇರುವುದಿಲ್ಲ.

ಈ ಆರೈಕೆಗೇ ವಿಮೆ ಬೇಕೆಂದು ಜರ್ಮನಿ 1995ರಲ್ಲಿ, ಜಪಾನ್ 2000ದಲ್ಲಿ ಯೋಜನೆ ಆರಂಭಿಸಿದವು. ಅಮೆರಿಕದ ಕನೆಕ್ಟಿಕಟ್ ರಾಜ್ಯ 1992ರಲ್ಲಿ ಬೇರೊಂದು ದಾರಿ ಹಿಡಿಯಿತು. ಅಲ್ಲಿ ಸರ್ಕಾರದ ನೆರವು ಬೇಕಾದರೆ ಮೊದಲು ಸ್ವಂತ ಉಳಿತಾಯ ಬಹುತೇಕ ಕರಗಬೇಕು. ಹೊಸ ಏರ್ಪಾಟಿನಲ್ಲಿ, ಒಪ್ಪಿತ ಖಾಸಗಿ ಪಾಲಿಸಿ ಆರೈಕೆಗೆ ಎಷ್ಟು ಹಣ ಕೊಟ್ಟಿತೋ ಅಷ್ಟು ಆಸ್ತಿಯನ್ನು ಉಳಿಸಿಕೊಂಡೇ ಸರ್ಕಾರದ ನೆರವು ಕೇಳಬಹುದು. ಆದರೆ ಇದು ಕಂತು ಕಟ್ಟಬಲ್ಲವರಿಗೆ ಮಾತ್ರ ಒದಗುವ ದಾರಿ ಎಂಬುದನ್ನು ಮರೆಯಬಾರದು.

ನಮ್ಮಲ್ಲಿ 2007ರ ಹಿರಿಯ ನಾಗರಿಕರ ಕಾಯಿದೆ ಇನ್ನೊಂದು ಬಗೆಯ ರಕ್ಷಣೆ ನೀಡಿತು. ನೋಡಿಕೊಳ್ಳುವ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡವರು ಮಾತು ತಪ್ಪಿದರೆ ಆ ಪತ್ರವನ್ನು ರದ್ದುಪಡಿಸಲು ಹಿರಿಯರು ಕೋರಬಹುದು. ಇದು ಆಸ್ತಿಯನ್ನು ಕಾಯುತ್ತದೆ; ಆರೈಕೆಯ ಖರ್ಚನ್ನು ಭರಿಸುವುದಿಲ್ಲ.

1891ರಲ್ಲಿ ಸಾವಿಗೆ, 1948ರಲ್ಲಿ ಕಾಯಿಲೆಗೆ ನಾವು ಉತ್ತರ ಹುಡುಕಿದೆವು. ದೀರ್ಘ ಆರೈಕೆಯ ಪ್ರಶ್ನೆ ಇನ್ನೂ ಉಳಿದಿದೆ. ವಿದ್ಯಾರ್ಥಿಗಳೇ, ನಿಮ್ಮ ಅಜ್ಜ ಅಜ್ಜಿಯರನ್ನು ಕೇಳಿ ನೋಡಿ: ಹಿಂದೆ ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದಾಗ ಏನು ಮಾರಿದಿರಿ, ಯಾರು ನೋಡಿಕೊಂಡರು? ಅವರ ಉತ್ತರವೂ ನಾಡಿನ ಚರಿತ್ರೆಯ ಒಂದು ಪುಟವೇ.